ಕಟ್ಟೆಗೆ ಪೆಟ್ಟಾಗದಂತೆ ಸಿಂಕ್ ಬಿಡಿಸುವುದು

ಅಡುಗೆಮನೆಯ ಹಳೆಯ ಸಿಂಕ್ ತೆಗೆಯುವಾಗ ಕಟ್ಟೆ ಒಡೆಯುವುದು ಹೆಚ್ಚಾಗಿ ಅವಸರದಿಂದ. ಅಂಟು ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಅಷ್ಟರಲ್ಲೇ ಸಿಂಕಿನ ಅಂಚಿನಡಿಗೆ ಸ್ಕ್ರೂಡ್ರೈವರ್ ತೂರಿಸಿ, ಕಲ್ಲನ್ನೇ ಆಸರೆಯಾಗಿಸಿಕೊಂಡು ಮೀಟುತ್ತಾರೆ. ಮೇಲಿನಿಂದ ಒತ್ತುವ ಭಾರವನ್ನು ಚೆನ್ನಾಗಿ ತಾಳಿಕೊಳ್ಳುವ ಗ್ರಾನೈಟ್, ಬಾಗಿಸುವ ಬಲಕ್ಕೆ ಮಾತ್ರ ಬಹಳ ದುರ್ಬಲ. ಅದರಲ್ಲೂ ಸಿಂಕಿಗಾಗಿ ಕೊರೆದ ಜಾಗದ ಹಿಂದೆ ಮತ್ತು ಮುಂದೆ ಉಳಿಯುವ ಕಿರಿದಾದ ಪಟ್ಟಿ ಹಾಗೂ ಒಳಮೂಲೆಗಳಲ್ಲಿ ಬಿರುಕು ಬಹಳ ಬೇಗ ಹುಟ್ಟುತ್ತದೆ. ಆದ್ದರಿಂದ ಮೀಟುವ ಕೆಲಸವೇ ಬೇಡವೆನ್ನುವಷ್ಟು ಅಂಟನ್ನು ಕತ್ತರಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಸಿಂಕನ್ನು ಹೇಗೆ ಕೂರಿಸಿದ್ದಾರೆಂದು ನೋಡಬೇಕು. ಅದರ ಅಂಚು ಕಟ್ಟೆಯ ಮೇಲೆ ಕೂತಿದ್ದರೆ ಅದು ಮೇಲಿನಿಂದ ಇಳಿಸಿದ ಸಿಂಕ್. ಕಲ್ಲಿನ ಅಂಚು ಕಾಣುತ್ತಿದ್ದು ಸಿಂಕ್ ಅದರ ಅಡಿಯಲ್ಲಿದ್ದರೆ ಕೆಳಗಿನಿಂದ ಅಂಟಿಸಿದ್ದು. ಎರಡರಲ್ಲೂ ನೀರಿನ ವಾಲ್ವ್ ಮುಚ್ಚಿ, ನಲ್ಲಿ ತಿರುಗಿಸಿ ಒತ್ತಡ ಇಳಿಸಿ, ಬಕೆಟ್ ಇಟ್ಟುಕೊಂಡು ವೇಸ್ಟ್ ಪೈಪ್ ಬಿಚ್ಚಬೇಕು. ಆಮೇಲೆ ಟಾರ್ಚ್ ಹಿಡಿದು ಅಡಿಭಾಗದ ಸುತ್ತಲೂ ಸಿಂಕನ್ನು ಕಟ್ಟೆಗೆ ಬಿಗಿದಿರುವ ಕ್ಲಿಪ್‌ಗಳನ್ನು ಹುಡುಕಿ ಬಿಚ್ಚಬೇಕು. ತುಕ್ಕಿನ ಅಡಿಯಲ್ಲಿ ಮರೆಯಾದ ಒಂದೇ ಒಂದು ಕ್ಲಿಪ್ ಉಳಿದರೂ, ಸಿಂಕನ್ನು ಎತ್ತುವ ಬಲವೆಲ್ಲ ಕಲ್ಲಿನ ಆ ಒಂದು ಬಿಂದುವಿಗೆ ಹೋಗುತ್ತದೆ.

ಹೆಚ್ಚಿನ ಸಮಯ ಕೊಡಬೇಕಾದದ್ದು ಸಿಂಕನ್ನು ಕಟ್ಟೆಗೆ ಹಿಡಿದಿರುವ ಅಂಟಿಗೆ, ಅಂದರೆ ಸಿಲಿಕೋನ್‌ಗೆ. ಒಮ್ಮೆ ಗಟ್ಟಿಯಾದ ಸಿಲಿಕೋನ್ ವಿನೆಗರ್‌ಗೆ ಕರಗುವುದಿಲ್ಲ; ಅಮೃತಶಿಲೆಯಾದರೆ ವಿನೆಗರಿನ ಆಮ್ಲ ಕಲ್ಲಿನ ಹೊಳಪನ್ನೇ ತಿಂದುಹಾಕುತ್ತದೆ. ಇದಕ್ಕೆಂದೇ ಸಿಗುವ ರಿಮೂವರ್ ಕೂಡ ಅಂಟನ್ನು ಮೆತ್ತಗೆ ಮಾಡುತ್ತದೆಯೇ ಹೊರತು, ಬ್ಲೇಡಿನ ಕೆಲಸವನ್ನು ತಪ್ಪಿಸುವುದಿಲ್ಲ. ಕಟ್ಟೆಯ ಮೇಲೆ, ಸಿಂಕಿನ ಅಂಚಿಗೆ ತಾಗುವಂತೆ ಮಾಸ್ಕಿಂಗ್ ಟೇಪ್ ಅಂಟಿಸಿ, ಹೊಸ ಬ್ಲೇಡ್ ಹಾಕಿದ ಕಟರನ್ನು ಸಾಧ್ಯವಾದಷ್ಟು ಮಲಗಿಸಿ ಹಿಡಿದು, ಅದರ ಮೊನೆ ಸಿಂಕಿನ ಲೋಹದ ಕಡೆಗೇ ಇರುವಂತೆ ಎಳೆಯಬೇಕು. ಗೀರು ಬಿದ್ದರೆ ಬಿಸಾಡುವ ಸಿಂಕಿನ ಮೇಲೆ ಬೀಳಲಿ. ಒಂದೇ ಏಟಿಗೆ ಆಳಕ್ಕೆ ಹೋಗದೆ ಸುತ್ತಲೂ ಮತ್ತೆ ಮತ್ತೆ ಬರಬೇಕು. ಮೇಲಿನ ಪದರ ಬಿಟ್ಟ ಮೇಲೆ ಪ್ಲಾಸ್ಟಿಕ್ ಪುಟ್ಟಿ ಬ್ಲೇಡನ್ನು ನಿಧಾನವಾಗಿ ಒಳಗೆ ಜಾರಿಸಬಹುದು. ಬ್ಲೇಡ್ ತಲುಪದ ಕಡೆ ತೆಳುವಾದ ಗಿಟಾರ್ ತಂತಿಯನ್ನೋ ಮೀನು ಹಿಡಿಯುವ ನೈಲಾನ್ ದಾರವನ್ನೋ ಸಂದಿಗೆ ಸೇರಿಸಿ, ಎರಡೂ ತುದಿ ಹಿಡಿದು ಗರಗಸದಂತೆ ಆಡಿಸಿದರೆ ಅಂಟು ಅಚ್ಚುಕಟ್ಟಾಗಿ ಕತ್ತರಿಸಿಹೋಗುತ್ತದೆ. ನನಗೆ ಅತ್ಯಂತ ಇಷ್ಟವಾದ ವಿಧಾನ ಇದೇ, ಏಕೆಂದರೆ ಇದರಲ್ಲಿ ಕಲ್ಲಿನ ಮೇಲೆ ಮೀಟುವ ಬಲ ಬೀಳುವುದೇ ಇಲ್ಲ.

ಅಂಟು ಮೆತ್ತಗಾಗಲೆಂದು ಬಿಸಿ ಗಾಳಿ ಊದುವ ಹೀಟ್ ಗನ್ ಬಳಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕ್ವಾರ್ಟ್ಸ್ ಕಟ್ಟೆಯಲ್ಲಿ ಕಲ್ಲಿನ ಪುಡಿಯನ್ನು ಹಿಡಿದಿರುವುದು ರಾಳ. ಅದು ಬಿಸಿಗೆ ಬಣ್ಣಗೆಡುತ್ತದೆ. ಲ್ಯಾಮಿನೇಟ್ ಆದರೆ ಹಾಳೆಯ ಅಡಿಯ ಗೋಂದೇ ಸಡಿಲವಾಗುತ್ತದೆ.

ಸಿಂಕ್ ಬಿಟ್ಟಿದೆಯೇ ಎಂದು ತಿಳಿಯಲು ಅಡಿಯಿಂದ ಅಂಗೈಯಲ್ಲಿ ಮೆಲ್ಲಗೆ ಒತ್ತಿ ನೋಡಬೇಕು. ಒಂದು ಮೂಲೆ ಅಲುಗದಿದ್ದರೆ ಅಲ್ಲಿ ಅಂಟು ಉಳಿದಿದೆ ಎಂದೇ ಅರ್ಥ. ಜ್ಯಾಕ್ ಇಟ್ಟು ಎತ್ತುವುದರ ಬದಲು ಆ ಜಾಗಕ್ಕೆ ತಂತಿಯನ್ನು ಮತ್ತೊಮ್ಮೆ ಒಯ್ಯಬೇಕು.

ಕೆಳಗಿನಿಂದ ಅಂಟಿಸಿದ ಸಿಂಕಿನಲ್ಲಿ ಅಪಾಯ ಬೇರೆ ರೀತಿಯದು: ಅಂಟು ಬಿಟ್ಟ ಕ್ಷಣದಲ್ಲೇ ಅದು ಕೆಳಗೆ ಬೀಳುತ್ತದೆ. ಕತ್ತರಿಸುವ ಮೊದಲೇ ಕಟ್ಟೆಯ ಮೇಲೆ ಬಟ್ಟೆ ಹಾಸಿ, ಅಡ್ಡಲಾಗಿ ಮರದ ರೀಪು ಇಟ್ಟು, ಸಿಂಕಿನ ರಂಧ್ರದ ಮೂಲಕ ಉದ್ದನೆಯ ಕ್ಲ್ಯಾಂಪಿನಿಂದ ರೀಪಿಗೆ ಬಿಗಿಯಬೇಕು, ಕೆಳಗೂ ಆಸರೆ ಕೊಡಬೇಕು. ಎಪಾಕ್ಸಿ ಎಂಬ ಬಹಳ ಗಟ್ಟಿಯಾಗುವ ಅಂಟಿನಿಂದ ಕೂರಿಸಿದ್ದರೆ ತಂತಿ ಓಡುವುದಿಲ್ಲ. ಅಂಥ ಕಡೆ ಕಲ್ಲುಕೆಲಸದವರನ್ನು ಕರೆಸುವುದೇ ಸರಿ.

ಕಟ್ಟೆಯ ಮೇಲೆ ಉಳಿದ ಸಿಲಿಕೋನ್ ಚೂರುಗಳನ್ನು ಪ್ಲಾಸ್ಟಿಕ್ ಬ್ಲೇಡಿನಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಬೇಕು. ಹಳೆಯ ಸಿಲಿಕೋನಿನ ತೆಳುವಾದ ಪೊರೆ ಉಳಿದರೂ ಹೊಸದು ಅದರ ಮೇಲೆ ಹಿಡಿಯುವುದಿಲ್ಲ, ನೀರು ಅಲ್ಲಿಂದಲೇ ಇಳಿಯುತ್ತದೆ.