ಸಿಮ್ಯುಲೇಟರ್ ಅಪ್‌ಡೇಟ್: ಮೆಮೊರಿ ಉಳಿಯಿತು, ಸಮಯ ಹೋಯಿತು

ಕ್ವಾಂಟಮ್ ಕಂಪ್ಯೂಟರಿನ ಲೆಕ್ಕವನ್ನು ಮಾಮೂಲಿ ಕಂಪ್ಯೂಟರಿನಲ್ಲೇ ಮಾಡಿ ನೋಡುವ ಸಿಮ್ಯುಲೇಟರಿನ ಮೊದಲ ಆವೃತ್ತಿ ನನ್ನ 8 ಜಿಬಿ ಲ್ಯಾಪ್‌ಟಾಪಿನಲ್ಲಿ 28 ಕ್ಯೂಬಿಟ್‌ಗೆ (0, 1 ಎರಡರ ಬೆರಕೆಯಾಗಿಯೂ ಇರಬಲ್ಲ ಕ್ವಾಂಟಮ್ ಬಿಟ್) ನಿಂತುಬಿಟ್ಟಿತ್ತು. 0, 1ಗಳ ಪ್ರತಿಯೊಂದು ಜೋಡಣೆಗೂ ಒಂದು ಆಂಪ್ಲಿಟ್ಯೂಡ್ (ಸಂಭವನೀಯತೆಯನ್ನು ನಿರ್ಧರಿಸುವ, ಮೈನಸ್ ಕೂಡ ಆಗಬಲ್ಲ ಸಂಖ್ಯೆ), ಒಂದೊಂದಕ್ಕೆ 16 ಬೈಟ್; ಕ್ಯೂಬಿಟ್ ಒಂದು ಹೆಚ್ಚಿದರೆ ಪಟ್ಟಿ ಎರಡರಷ್ಟು. 28ಕ್ಕೆ 4 ಜಿಬಿ, 29ಕ್ಕೆ ಇಡೀ 8 ಜಿಬಿ.

ಹಾಗಾಗಿ ಈ ಸಲ ಆ ಇಡೀ ಪಟ್ಟಿಯನ್ನೇ (ವೆಕ್ಟರ್) ಬಿಟ್ಟು, ಭೌತವಿಜ್ಞಾನಿ ಫೈನ್‌ಮನ್ನರ ದಾರಿಗಳ ಮೊತ್ತದ ವಿಧಾನ ಹಿಡಿದೆ: ಕೊನೆಯ ಉತ್ತರ ಮುಟ್ಟುವ ಪ್ರತಿ ದಾರಿಯ ಆಂಪ್ಲಿಟ್ಯೂಡನ್ನೂ ಕೂಡಿಸುವುದು. ಕೋಡ್ ಬರೆಯುವ ಮೊದಲು ತುಮಕೂರು–ಯಶವಂತಪುರದ ಬೆಳಗಿನ ರೈಲಿನಲ್ಲಿ ಕೂತು ಕೈಯಲ್ಲೇ ಲೆಕ್ಕ ಹಾಕಿದೆ. ಒಂದೇ ಕ್ಯೂಬಿಟ್, ಎರಡು ಹ್ಯಾಡಮಾರ್ಡ್ ಗೇಟ್ (0 ಅಥವಾ 1ನ್ನು ಎರಡರ ಸಮ ಬೆರಕೆ ಮಾಡುವ ಹೆಜ್ಜೆ; 1ರಿಂದ 1ಕ್ಕೆ ಹೋದರೆ ಮಾತ್ರ ಮೈನಸ್), ಶುರು 0. ಕೊನೆಗೆ 0 ಮುಟ್ಟಲು ಎರಡು ದಾರಿ: ನಡುವೆ 0 ಆಗಿ, ಇಲ್ಲವೇ 1 ಆಗಿ. ಎರಡರ ಪಾಲೂ ಅರ್ಧ, ಕೂಡಿದರೆ 1. ಕೊನೆಗೆ 1 ಮುಟ್ಟಲೂ ಎರಡು ದಾರಿ. ಒಂದರದು ಅರ್ಧ, ಇನ್ನೊಂದರದು ಮೈನಸ್ ಅರ್ಧ, ಕೂಡಿದರೆ ಸೊನ್ನೆ. ಹಿರೇಹಳ್ಳಿ ಬರುವಷ್ಟರಲ್ಲಿ ಮುಗಿದ ಈ ನಾಲ್ಕು ಸಾಲಿನಲ್ಲೇ ಕ್ವಾಂಟಮ್‌ನ ಜೀವಾಳವಿದೆ. ಮಾಮೂಲಿ ಸಂಭವನೀಯತೆಯಲ್ಲಿ ಮೈನಸ್ ಇಲ್ಲ, ಆದ್ದರಿಂದ ಒಂದು ದಾರಿ ಇನ್ನೊಂದನ್ನು ಅಳಿಸುವುದೂ ಇಲ್ಲ.

ಕೋಡ್ ಈಗ ಓಡುತ್ತಿದೆ. ಒಂದು ದಾರಿ ಹಿಡಿದು ಕೊನೆ ಮುಟ್ಟಿ, ಅದರ ಪಾಲನ್ನು ಮೊತ್ತಕ್ಕೆ ಸೇರಿಸಿ, ಮುಂದಿನದಕ್ಕೆ ಹೋಗುತ್ತದೆ. 40 ಕ್ಯೂಬಿಟ್ ಕೊಟ್ಟರೂ ಮೆಮೊರಿ ಏರುವುದೇ ಇಲ್ಲ! ಸಮಯ ಮಾತ್ರ ಏರುತ್ತದೆ: 20 ಹ್ಯಾಡಮಾರ್ಡಿಗೆ 10,48,576 ದಾರಿ, 40ಕ್ಕೆ ಒಂದು ಲಕ್ಷ ಕೋಟಿಗೂ ಹೆಚ್ಚು. ಕ್ವಾಂಟಮ್ ಕಂಪ್ಯೂಟರ್ ಬೇಗ ಬಿಡಿಸುವ ಸಮಸ್ಯೆಗಳ ವರ್ಗ ಬಿಕ್ಯೂಪಿ; ಸಮಯ ಎಷ್ಟಾದರೂ ಆಗಲಿ, ಮೆಮೊರಿ ಹಿತಮಿತವಾಗಿರಲಿ ಎಂಬ ವರ್ಗ ಪಿಸ್ಪೇಸ್. ಮೊದಲನೆಯದು ಎರಡನೆಯದರೊಳಗೇ ಇದೆ ಎಂದು ಬರ್ನ್‌ಸ್ಟೀನ್ ಮತ್ತು ಉಮೇಶ್ ವಜಿರಾಣಿ 1993ರಲ್ಲಿ ತೋರಿಸಿದ್ದರು. ಪುಸ್ತಕದಲ್ಲಿ ಓದಿದ ಥಿಯರಂ ನನ್ನ ಟರ್ಮಿನಲ್‌ನಲ್ಲೇ ಕಂಡಾಗ ಆದ ಖುಷಿ ದೊಡ್ಡದು.

ದಿನಾ ಜೊತೆಗೆ ರೈಲು ಹತ್ತುವ ಗೆಳೆಯ ಕೇಳಿದ: "ಹಾಗಾದ್ರೆ ಮಾಮೂಲಿ ಕಂಪ್ಯೂಟರಿಗೆ ಇದನ್ನ ಬೇಗ ಮಾಡೋಕೆ ಆಗಲ್ಲ ಅಂತ ಪ್ರೂವ್ ಆದಂಗಲ್ವೇನೋ?" ಇಲ್ಲ. ನಾನು ಬರೆದ ಎರಡು ವಿಧಾನ ನಿಧಾನ, ಅಷ್ಟೇ. ಬೇಗ ಮುಗಿಸುವ ಮೂರನೆಯದೊಂದು ಇರಲಾರದು ಎಂದು ಯಾರೂ ಸಾಧಿಸಿಲ್ಲ. ಸಾಧಿಸಿದರೆ ಪಿ (ಮಾಮೂಲಿ ಕಂಪ್ಯೂಟರ್ ಬೇಗ ಬಿಡಿಸುವ ಸಮಸ್ಯೆಗಳ ವರ್ಗ) ಮತ್ತು ಪಿಸ್ಪೇಸ್ ಬೇರೆ ಬೇರೆ ಎಂದೂ ಸಾಬೀತಾಗುತ್ತದೆ. ದಶಕಗಳಿಂದ ಬಿಡಿಸಲಾಗದ ಗಂಟು ಅದು. ಪೀಟರ್ ಶೋರ್ 1994ರಲ್ಲಿ ಅಪವರ್ತನಕ್ಕೆ ಕ್ವಾಂಟಮ್ ಅಲ್ಗಾರಿದಂ ಕೊಟ್ಟರು ನಿಜ, ಆದರೆ ಅಪವರ್ತನ ಮಾಮೂಲಿ ಕಂಪ್ಯೂಟರಿಗೆ ಕಷ್ಟ ಎಂಬುದು ಇವತ್ತಿಗೂ ನಂಬಿಕೆಯೇ. ಎಷ್ಟು ಕ್ಯೂಬಿಟ್ ಮಾಡಿದರು ಎಂಬ ಸುದ್ದಿಗಿಂತ ನನ್ನನ್ನು ಹಿಡಿದಿಟ್ಟಿರುವುದು ಈ ಪ್ರಶ್ನೆ.

ಮುಂದಿನ ಕೆಲಸ, ಗೇಟುಗಳ ಸಾಲನ್ನು, ಅಂದರೆ ಸರ್ಕ್ಯೂಟನ್ನು, ನಡುವೆ ಸೀಳಿ ಎರಡು ಅರ್ಧಗಳನ್ನು ಬೇರೆಬೇರೆ ಲೆಕ್ಕ ಹಾಕಿ, ನಡುವಿನ ಎಲ್ಲ ಸ್ಥಿತಿಗಳ ಮೇಲೆ ಕೂಡಿಸುವುದು. ಉದ್ದದ ಸರ್ಕ್ಯೂಟಿಗೆ ಸಮಯ ಬಹಳ ಇಳಿಯಬೇಕು. ಮೊದಲು 8 ಕ್ಯೂಬಿಟ್‌ನ ಚಿಕ್ಕ ಸರ್ಕ್ಯೂಟುಗಳಲ್ಲಿ ಹಳೆ ಆವೃತ್ತಿಯ ಉತ್ತರಗಳ ಜೊತೆ ತಾಳೆ ನೋಡುತ್ತೇನೆ.