ಬಾಯಿ ಯಾರ್ದು ಸಾರ್?

ಮಂಗಳವಾರ ಸಂಜೆ ಮೆಜೆಸ್ಟಿಕ್‌ನಿಂದ ಬಸವೇಶ್ವರನಗರಕ್ಕೆ ಆಟೋ ಹತ್ತಿದೆ. ಮಳೆ ಹನಿಯುತ್ತಿತ್ತು. ಮೀಟರ್ ಮೇಲೆ ಐವತ್ತು ಅಂದ, ವಾದ ಮಾಡುವ ತಾಕತ್ತಿರಲಿಲ್ಲ, ಒಪ್ಪಿಕೊಂಡೆ. ಮಾಗಡಿ ರಸ್ತೆಯಲ್ಲಿ ಗಾಡಿಗಳು ನಿಂತಲ್ಲೇ ನಿಂತವು. ಗಾಜಿನ ಮೇಲೆ ಒಂದು ಮೂಲೆಯಲ್ಲಿ ಅಣ್ಣಾವ್ರು, ಇನ್ನೊಂದು ಮೂಲೆಯಲ್ಲಿ ಅಪ್ಪು, ನಡುವೆ ಬಾಡಿದ ಮಲ್ಲಿಗೆ ದಂಡೆ. ಡ್ರೈವರ್‌ಗೆ ಐವತ್ತೈದು ಇರಬಹುದು. ಫೋನನ್ನು ಹ್ಯಾಂಡಲ್ ಪಕ್ಕ ಸಿಕ್ಕಿಸಿ ಹಾಡು ಹಾಕಿದ್ದ. ಕಸ್ತೂರಿ ನಿವಾಸದ ‘ಆಡಿಸಿ ನೋಡು’.

‘ಹೆಂಗೆ ಹಾಡವ್ರೆ ನೋಡಿ ಸಾರ್ ಅಣ್ಣಾವ್ರು!’

ಸುಮ್ನೆ ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನನಗೊಂದು ಚಟ. ‘ಅದು ಅಣ್ಣಾವ್ರು ಹಾಡಿದ್ದಲ್ಲ, ಪಿ.ಬಿ. ಶ್ರೀನಿವಾಸ್’ ಅಂದೆ.

ಅವನು ಸೌಂಡ್ ಕಮ್ಮಿ ಮಾಡಿದ. ಕನ್ನಡಿಯಲ್ಲಿ ನನ್ನ ಮುಖ ನೋಡಿದ. ‘ಬಾಯಿ ಯಾರ್ದು ಸಾರ್?’

‘ಬಾಯಿ ಅಣ್ಣಾವ್ರದ್ದೇ.’

‘ಮತ್ತೆ!’

ಅಷ್ಟೇ. ಮತ್ತೆ ಸೌಂಡ್ ಜಾಸ್ತಿ ಮಾಡಿದ. ಕೇಸು ಗೆದ್ದ ವಕೀಲನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ. ಆ ‘ಮತ್ತೆ!’ ನನಗೆ ಇವತ್ತಿಗೂ ಕಿವಿಯಲ್ಲಿದೆ.

ಮನೆ ಮೆಟ್ಟಿಲು ಹತ್ತುವಾಗ ಉತ್ತರ ಹೊಳೆಯಿತು. ಸ್ವತಃ ಅಣ್ಣಾವ್ರೇ ಪಿಬಿಎಸ್ ಅವರನ್ನು ತಮ್ಮ ಶಾರೀರ ಅಂತ ಕರೆಯುತ್ತಿದ್ದರು, ತಾವು ಬರೀ ಶರೀರ ಅನ್ನುತ್ತಿದ್ದರು. ಇದನ್ನು ಅಲ್ಲೇ ಹೇಳಿದ್ದರೆ ಅವನು ಬಾಯಿ ಮುಚ್ಚುತ್ತಿದ್ದ. ಆದರೆ ಐವತ್ತು ಜಾಸ್ತಿ ಇಸ್ಕೊಂಡು ಅವನು ಆಗಲೇ ಹೋಗಿಯಾಗಿತ್ತು.

ಮರುದಿನ ಆಫೀಸಿನಲ್ಲಿ ಇದನ್ನು ಹೇಳಿದೆ. ಪಕ್ಕದ ಟೇಬಲ್ಲಿನ ಹುಡುಗ ಒಳ್ಳೆಯವನೇ, ಆದರೆ ಜಗತ್ತಿನ ಎಲ್ಲ ಪ್ರಶ್ನೆಗೂ ಫೋನಿನಲ್ಲಿ ಉತ್ತರ ಇದೆ ಅಂತ ನಂಬಿದವನು. ತಕ್ಷಣ ಹುಡುಕಿದ. ‘ಇಲ್ಲಿ ಡಾ. ರಾಜ್ ಹಿಟ್ಸ್ ಅಂತಿದೆ ಸಾರ್’ ಅಂದ. ನಿಜ, ಹಾಗೇ ಇತ್ತು. ಕೆಳಗೂ ಮೇಲೂ ಎಲ್ಲ ಅಣ್ಣಾವ್ರ ಫೋಟೋ. ಹಾಡಿದವರ ಹೆಸರು ಹುಡುಕಬೇಕೆಂದರೆ ಸಣ್ಣಕ್ಷರದಲ್ಲಿ ನಾಲ್ಕು ಸಲ ಒತ್ತಿ ಒಳಗೆ ಹೋಗಬೇಕು.

ನಾವು ಚಿಕ್ಕವರಿದ್ದಾಗ ಇದು ತಿರುಗಾ ಮುರುಗಾ ಇತ್ತು. ರೇಡಿಯೊದಲ್ಲಿ ಹಾಡು ಶುರುವಾಗುವ ಮೊದಲು ಚಿತ್ರ, ಬರೆದವರು, ಸಂಗೀತ, ಹಾಡಿದವರು ಅಂತ ಒಂದೊಂದಾಗಿ ಹೇಳುತ್ತಿದ್ದರು. ಪರದೆ ಮೇಲೆ ಬಾಯಿ ಆಡಿಸಿದವರು ಯಾರು ಅಂತ ಹೇಳುತ್ತಲೇ ಇರಲಿಲ್ಲ. ಚಿ. ಉದಯಶಂಕರ್, ಜಿ.ಕೆ. ವೆಂಕಟೇಶ್, ಪಿ.ಬಿ. ಶ್ರೀನಿವಾಸ್ ಅನ್ನುವ ಮೂರು ಹೆಸರು ನನಗೆ ಮಗ್ಗಿಯ ಹಾಗೆ ಬಾಯಿಗೆ ಬಂದಿದ್ದು ಅಲ್ಲಿಂದಲೇ. ಅರಸೀಕೆರೆಯ ಮನೆಯಲ್ಲಿ ಅಮ್ಮ ಒರಳು ತಿರುಗಿಸುತ್ತಾ ಕೇಳುತ್ತಿದ್ದಳು. ಅವಳಿಗೆ ಗಾಯಕರೆಲ್ಲ ನೆಂಟರಿದ್ದ ಹಾಗೆ. ‘ಜಾನಕಮ್ಮಂಗೆ ಇವತ್ತು ನೆಗಡಿ ಆಗಿದೆ ಕಣೋ’ ಅನ್ನುತ್ತಿದ್ದಳು, ಇಪ್ಪತ್ತು ವರ್ಷದ ಹಿಂದಿನ ರೆಕಾರ್ಡಿಗೆ. ಪಿಬಿಎಸ್ ಹಾಡು ಬಂದರೆ ಮಾತ್ರ ಒರಳು ನಿಲ್ಲುತ್ತಿತ್ತು. ಕಾರಣ ಕೇಳಿದರೆ, ‘ಅವರು ಮೆಲ್ಲಗೆ ಹಾಡ್ತಾರೆ, ಒರಳಿನ ಸದ್ದಿಗೆ ಕೇಳಿಸಲ್ಲ’ ಅನ್ನುತ್ತಿದ್ದಳು.

ಪಿಬಿಎಸ್ ಬಗ್ಗೆ ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ. ಅವರು ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳಲಿ ಅನ್ನುವ ಹಾಗೆ ಹಾಡುತ್ತಾರೆ. ಮೇಲಿನ ಸ್ವರಕ್ಕೆ ಹೋದಾಗಲೂ ಕತ್ತಿನ ನರ ಉಬ್ಬಿದ್ದು ಕೇಳಿಸುವುದಿಲ್ಲ. ಸಾಲಿನ ಕೊನೆಯ ಅಕ್ಷರವನ್ನು ಬಿಡುವ ರೀತಿ ನೋಡಬೇಕು, ನಿದ್ದೆ ಹೋದ ಮಗುವಿನ ತಲೆ ಕೆಳಗಿಂದ ಕೈ ತೆಗೆದ ಹಾಗೆ. ‘ಆಡಿಸಿ ನೋಡು’ ಬೀಳಿಸಿದರೂ ಎದ್ದು ನಿಲ್ಲುವ ಬೊಂಬೆಯ ಹಾಡು. ಬೇರೆ ಯಾರಾದರೂ ಆಗಿದ್ದರೆ ಎದೆ ತಟ್ಟಿಕೊಂಡು ಹಾಡುವ ಅಪಾಯವಿತ್ತು. ಪಿಬಿಎಸ್ ಅದನ್ನು ಜಂಬ ಮಾಡಲಿಲ್ಲ. ಕೊಟ್ಟಿದ್ದನ್ನು ಲೆಕ್ಕ ಇಡದ ಮನುಷ್ಯ ಮಾತಾಡಿದ ಹಾಗೆ ಹಾಡಿದರು. ಅಣ್ಣಾವ್ರು ಮಾತು ನಿಲ್ಲಿಸಿದ ಕಡೆಯಿಂದ ಇವರು ಹಾಡು ಎತ್ತಿಕೊಳ್ಳುತ್ತಿದ್ದರು. ಹೊಲಿಗೆ ಎಲ್ಲಿದೆ ಅಂತ ಬೆರಳಿಟ್ಟು ಹುಡುಕಿದರೂ ಸಿಗದು.

ಹುಟ್ಟಿದ್ದು 1930ರಲ್ಲಿ ಆಂಧ್ರದ ಕಾಕಿನಾಡದಲ್ಲಿ, ಬದುಕಿದ್ದು ಮದ್ರಾಸಿನಲ್ಲಿ. ಕನ್ನಡದವರಿಗೆ ಮಾತ್ರ ಅದು ತಮ್ಮ ಮನೆ ಹಿರಿಯಣ್ಣನ ದನಿ. ತಮಾಷೆ ಅಂದರೆ ಚೆನ್ನೈಯಲ್ಲಿ ಆಟೋ ಹತ್ತಿ ಇದೇ ದನಿ ಕೇಳಿಸಿದ್ದರೆ ಅಲ್ಲಿಯವನು ‘ಇದು ಜೆಮಿನಿ ಗಣೇಶನ್’ ಅನ್ನುತ್ತಿದ್ದ. 1972ರಲ್ಲಿ ನಾಗರಹಾವು ಬಂದಾಗ ಇದೇ ಗಂಟಲು ವಿಷ್ಣುವರ್ಧನ್ ಅನ್ನುವ ಹೊಸ ಹುಡುಗನದ್ದಾಯಿತು, ‘ಬಾರೇ ಬಾರೇ’ ಅಂತ. ಅದೇ ವರ್ಷ ಬಂಗಾರದ ಮನುಷ್ಯದಲ್ಲಿ ಅಣ್ಣಾವ್ರದ್ದು. ಒಬ್ಬ ಮನುಷ್ಯ ಎಷ್ಟು ಬಾಯಿಗಳಲ್ಲಿ ಬದುಕಬಹುದು?

1974ರಲ್ಲಿ ಸಂಪತ್ತಿಗೆ ಸವಾಲ್ ಬಂತು. ‘ಯಾರೇ ಕೂಗಾಡಲಿ’ ಅಂತ ಎಮ್ಮೆ ಮೇಲೆ ಕೂತು ಅಣ್ಣಾವ್ರೇ ಹಾಡಿದರು. ಅಲ್ಲಿಂದ ಮುಂದೆ ಹೆಚ್ಚುಕಮ್ಮಿ ತಮ್ಮ ಹಾಡು ತಾವೇ. ನನಗೆ ಅದರ ಬಗ್ಗೆ ತಕರಾರಿಲ್ಲ. ಆ ಎಮ್ಮೆ ಹಾಡಿಗೆ ಪಿಬಿಎಸ್ ಗಂಟಲು ಸ್ವಲ್ಪ ನಾಜೂಕಾಗುತ್ತಿತ್ತು ಅಂತಲೇ ನನ್ನ ಅನಿಸಿಕೆ. ನಾಟಕ ಕಂಪನಿಯಲ್ಲಿ ಪಳಗಿದ ಕಂಠ ಅಣ್ಣಾವ್ರದ್ದು, ಮುಂದೆ ಜೀವನ ಚೈತ್ರದ ‘ನಾದಮಯ’ಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಆಟೋದವನಿಗೆ ಗೊಂದಲ ಆದರೆ ತಪ್ಪೇನಿಲ್ಲ. ನನಗೆ ಕಾಡುವುದು ಬೇರೆ. ಬಾಯಿ ತಾನೇ ಹಾಡಲು ಶುರು ಮಾಡಿದ ಮೇಲೆ, ಅದಕ್ಕೆ ದನಿ ಕೊಟ್ಟಿದ್ದವರು ಮನೆಗೆ ಬಂದು ಏನು ಮಾಡಿರಬಹುದು?

ಪಿಬಿಎಸ್ ಬರೆದರು. ಚೆನ್ನೈಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಅವರನ್ನು ಕಂಡವರು ಬೇಕಾದಷ್ಟು ಜನ. ತಲೆ ಮೇಲೆ ಟೋಪಿ, ಜೇಬಿನ ತುಂಬ ಬಣ್ಣಬಣ್ಣದ ಪೆನ್ನು, ಮುಂದೆ ಕಾಫಿ, ಕೈಯಲ್ಲಿ ಹಾಳೆ. ಎಂಟು ಭಾಷೆಗಳಲ್ಲಿ ಪದ್ಯ ಬರೆಯುತ್ತಿದ್ದರು. ಆ ಹೋಟೆಲು 2008ರಲ್ಲಿ ಮುಚ್ಚಿತು, ಅಲ್ಲೀಗ ಪಾರ್ಕು. ಪಿಬಿಎಸ್ 2013ರ ಏಪ್ರಿಲ್ 14ರಂದು ಹೋದರು. ಅಷ್ಟೊಂದು ಬಣ್ಣದ ಪೆನ್ನು ಯಾಕೆ ಅನ್ನುವುದು ನನಗೆ ಬಗೆಹರಿಯದ ವಿಷಯ. ಯಾರ ಬಾಯಿಗೂ ಹೊಂದಿಸಬೇಕಾಗಿಲ್ಲ, ಯಾವ ಬಣ್ಣ ಬೇಕಾದರೂ ಎತ್ತಿಕೊಳ್ಳಬಹುದು ಅನ್ನುವ ಖುಷಿ ಇದ್ದಿರಬಹುದು. ಇದು ನನ್ನ ಕಲ್ಪನೆ, ಅವರು ಎಲ್ಲೂ ಹಾಗೆ ಹೇಳಿದ್ದಲ್ಲ.

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಂಡೆ ಅಂದರೆ, ನಾನೂ ಬಾಯಿಗೆ ಮಾತು ಹೊಂದಿಸುವ ಕಸುಬಿನವನೇ. ನಮ್ಮ ದೊಡ್ಡ ಸಾಹೇಬರ ಭಾಷಣ ಬರೆಯುವುದು ನಾನು. ಅವರಿಗೆ ಮಹಾಪ್ರಾಣ ಬರುವುದಿಲ್ಲ. ‘ಧ’, ‘ಭ’ ಇರುವ ಪದ ಆದಷ್ಟು ತಪ್ಪಿಸುತ್ತೇನೆ. ‘ಅಭಿಮಾನ’ ಬೇಕಾದ ಕಡೆ ‘ಹೆಮ್ಮೆ’, ‘ಸಾಧನೆ’ ಬೇಕಾದ ಕಡೆ ‘ಕೆಲಸ’. ಉಸಿರು ಕಮ್ಮಿ ಅವರಿಗೆ, ಎಂಟು ಪದ ದಾಟಿದರೆ ವಾಕ್ಯ ಮುರಿಯುತ್ತೇನೆ. ಹೋದ ರಾಜ್ಯೋತ್ಸವಕ್ಕೆ ಅವರು ಓದಿದ್ದಕ್ಕೆ ಚಪ್ಪಾಳೆ ಬಿತ್ತು. ಒಬ್ಬರು ಬಂದು ‘ಏನ್ ಕನ್ನಡ ಸಾರ್ ನಿಮ್ದು! ಎಷ್ಟು ಸರಳ!’ ಅಂದರು. ನಾನು ಅಲ್ಲೇ ಕೇಸರಿಬಾತ್ ತಟ್ಟೆ ಹಿಡಿದು ನಿಂತಿದ್ದೆ. ಸಾಹೇಬರು ನನ್ನ ಕಡೆ ನೋಡಲಿಲ್ಲ. ನೋಡಬೇಕಿತ್ತು ಅಂತಲ್ಲ. ಬಾಯಿ ಅವರದ್ದೇ ಅಲ್ವಾ.

ಮತ್ತೆ!

ಬುಧವಾರ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಆಟೋದ ಕತೆ ಹೇಳಿದೆ. ಅವಳಾದರೂ ನನ್ನ ಪರ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡು, ‘ಅವನು ಹೇಳಿದ್ದು ಸರಿಯಾಗೇ ಇದೆಯಲ್ಲೋ’ ಅಂದಳು. ‘ಗೊತ್ತಾಗಬಾರದು ಅಂತಲೇ ತಾನೇ ಅವರು ಅಷ್ಟು ಕಷ್ಟಪಟ್ಟು ಹಾಡಿದ್ದು? ನಿಂಗೆ ಗೊತ್ತಾಗಿದೆ, ನೀನು ಸುಮ್ನಿರು.’ ನಾನು ಏನೋ ಹೇಳಲು ಹೋದೆ. ‘ಅದಿರಲಿ, ಐವತ್ತು ಯಾಕೆ ಜಾಸ್ತಿ ಕೊಟ್ಟೆ? ಮಳೆ ಬಂದ್ರೆ ಪೆಟ್ರೋಲ್ ರೇಟ್ ಏರುತ್ತಾ?’ ಅಂತ ಶುರು ಮಾಡಿದಳು.

ನಿನ್ನೆ ಒಂದು ಬೀಳ್ಕೊಡುಗೆಗೆ ಸಾಹೇಬರ ಭಾಷಣ ಬರೆಯಬೇಕಿತ್ತು. ಮೂರನೇ ಪ್ಯಾರಾದಲ್ಲಿ, ಬೇಕೆಂದೇ, ‘ಋಣಾನುಬಂಧ’ ಅಂತ ಹಾಕಿದೆ. ಮೈಕಿನ ಮುಂದೆ ಅವರ ನಾಲಿಗೆ ಅಲ್ಲಿ ಎಡವುವುದನ್ನು, ಎಲ್ಲರೂ ತಲೆ ಎತ್ತುವುದನ್ನು ನೆನೆಸಿಕೊಂಡು ಒಬ್ಬನೇ ನಕ್ಕೆ. ಪ್ರಿಂಟ್ ಕೊಡುವ ಮುಂಚೆ ಇನ್ನೊಂದು ಸಲ ಓದಿದೆ, ಅವರ ದನಿಯಲ್ಲಿ, ಅವರ ಉಸಿರಿನ ಅಳತೆಯಲ್ಲಿ. ಆ ಪದ ಕಲ್ಲಿನ ಹಾಗೆ ಸಿಕ್ಕಿತು. ಅಳಿಸಿ ‘ನಂಟು’ ಅಂತ ಹಾಕಿದೆ.