ಎರಡು ಅಡಿ ಮುಂದೆ ಬಂದ ಮಂಚ

ಆಗಸ್ಟ್ ಕೊನೆಯ ವಾರದ ಒಂದು ರಾತ್ರಿ ಗುಡುಗಿನ ಜೊತೆ ಕರೆಂಟು ಹೋಗಿ ಬಂದಿತು. ಬಂದ ಮೇಲೆ ಅಪ್ಪನ ಟಿವಿಯಲ್ಲಿ ದನಿ ಉಳಿದಿತ್ತು, ಚಿತ್ರ ಇರಲಿಲ್ಲ. ಹಳೇ ಹುಬ್ಬಳ್ಳಿಯ ಮನೆಯ ನಡುಮನೆಯಲ್ಲಿ ಹನ್ನೆರಡು ವರ್ಷ ದುಡಿದ 32 ಇಂಚಿನ ಟಿವಿ ಅದು. ದುರ್ಗದಬೈಲಿನ ಹತ್ತಿರದ ರಿಪೇರಿಯವರು ಹಿಂಬದಿ ಬಿಚ್ಚಿ ನೋಡಿ, ಪ್ಯಾನಲ್ ಹೋಗಿದೆ, ಅದನ್ನು ಹಾಕಿಸುವ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ ಎಂದರು. ಅಪ್ಪ ಮೂರು ದಿನ ಆ ಕಪ್ಪು ಪರದೆಯ ಎದುರಿಗೇ ಕುಳಿತು ಸುದ್ದಿ ಕೇಳಿದರು. ಧಾರವಾಡದಿಂದ ನಾನು ಫೋನ್ ಮಾಡಿದಾಗ, "ಮಾತು ಕೇಳಿಸುತ್ತದೆ ತಂಗಿ. ಆದರೆ ಮಲಪ್ರಭೆಗೆ ನೀರು ಎಷ್ಟು ಬಂದಿತು ಎನ್ನುವುದನ್ನು ಕೆಳಗಿನ ಸಾಲಿನಲ್ಲಿ ಬರೆಯುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ" ಎಂದರು.

ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಹುಟ್ಟೂರು ನವಲಗುಂದ ತಾಲ್ಲೂಕಿನದು. ಊರಿನ ಹೊಲಕ್ಕೆ ಮಲಪ್ರಭೆಯ ಕಾಲುವೆ ನೀರೇ ಆಧಾರವಾದ್ದರಿಂದ, ನವಿಲುತೀರ್ಥ ಅಣೆಕಟ್ಟಿನ ಮಟ್ಟ, ಒಳಹರಿವು, ಹೆಸರುಕಾಳಿನ ಧಾರಣೆ, ಇಷ್ಟನ್ನು ಓದದೆ ಅವರಿಗೆ ದಿನ ಮುಗಿಯುವುದಿಲ್ಲ. ಎರಡೂ ಕಣ್ಣಿನ ಪೊರೆ ತೆಗೆಸಿದ್ದೇವೆ. ಎಡಗಣ್ಣು ಚೆನ್ನಾಗಿದೆ, ಬಲಗಣ್ಣಿನ ನೋಟ ಪೂರ್ತಿ ಮರಳಲಿಲ್ಲ. ಟಿವಿ ಕೊಳ್ಳುವಾಗ ನನ್ನ ತಲೆಯಲ್ಲಿ ಮೊದಲಿನಿಂದ ಕೊನೆಯವರೆಗೂ ಇದ್ದದ್ದು ಆ ಕೆಳಗಿನ ಸಾಲು.

ಸೆಪ್ಟೆಂಬರ್ ಮೊದಲ ವಾರದಲ್ಲಿ ತೆರಿಗೆ ಇಳಿಯುವ ಸುದ್ದಿ ಬಂದಿತು. 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರ ಬದಲು 18. ನೆರೆಹೊರೆಯವರೆಲ್ಲ ನೂರಕ್ಕೆ ಹತ್ತು ರೂಪಾಯಿ ಉಳಿಯುತ್ತದೆ ಎಂದು ಲೆಕ್ಕ ಹಾಕಿದರು. ಹಾಗೆ ಉಳಿಯುವುದಿಲ್ಲ. 25,000 ರೂಪಾಯಿಯ ಸರಕಿಗೆ 28 ಸೇರಿದರೆ 32,000, 18 ಸೇರಿದರೆ 29,500. ಉಳಿಯುವುದು 2,500, ಅಂದರೆ ನೂರಕ್ಕೆ ಎಂಟರ ಒಳಗೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನನಗೆ ಇಂಥ ತಪ್ಪು ಲೆಕ್ಕವನ್ನು ತಿದ್ದದೆ ಇರಲು ಆಗುವುದಿಲ್ಲ. ಆದರೂ ಪಿಂಚಣಿಯ ಮನೆಗೆ ಎರಡೂವರೆ ಸಾವಿರ ದೊಡ್ಡದೇ. ಕಾಯೋಣ ಎಂದೆವು. ಅಷ್ಟು ದಿನ ಧಾರವಾಡ ಆಕಾಶವಾಣಿ ಅಪ್ಪನ ಜೊತೆಗಿತ್ತು.

ಕಾಯುವ ದಿನಗಳಲ್ಲಿ ಮಾತು ಬೆಳೆಯಿತು. ಬೆಂಗಳೂರಿನಲ್ಲಿರುವ ತಮ್ಮ 65 ಇಂಚಿನದನ್ನೇ ತರಿಸೋಣ, ಅರ್ಧ ದುಡ್ಡು ನನ್ನದು ಎಂದ. ಅಪ್ಪ ಮೊದಲಿನ ಅಳತೆಯೇ ಸಾಕು ಎಂದರು. ಇಂಚು ಎನ್ನುವುದು ಪರದೆಯ ಮೂಲೆಯಿಂದ ಮೂಲೆಗೆ ಹಿಡಿದ ಕರ್ಣದ ಅಳತೆ, ಅದನ್ನು ಕೇಳಿದರೆ ಗೋಡೆಯ ಮೇಲೆ ಎಷ್ಟು ಜಾಗ ಬೇಕು ಎನ್ನುವುದು ಯಾರ ಕಣ್ಣಿಗೂ ಕಟ್ಟುವುದಿಲ್ಲ. ಒಂದು ಭಾನುವಾರ ಹಳೆಯ ಪತ್ರಿಕೆಗಳನ್ನು ಅಂಟಿಸಿ ಮೂರು ಅಳತೆಯ ಹಾಳೆಗಳನ್ನು ಕತ್ತರಿಸಿದೆ. ಅಗಲ ಎತ್ತರಗಳ ಪ್ರಮಾಣ 16ಕ್ಕೆ 9. ಆ ಲೆಕ್ಕದಲ್ಲಿ 43 ಇಂಚಿನದು ಮೂವತ್ತೇಳೂವರೆ ಇಂಚು ಅಗಲ, 21 ಇಂಚು ಎತ್ತರ. 55ರದು ನಾಲ್ಕು ಅಡಿ ಅಗಲ, ಎರಡೂಕಾಲು ಅಡಿ ಎತ್ತರ. 65ರದು ನಾಲ್ಕೂಮುಕ್ಕಾಲು ಅಡಿ ಅಗಲ. ಹೇಳುವಾಗ 43ಕ್ಕೂ 55ಕ್ಕೂ ಹನ್ನೆರಡೇ ಇಂಚಿನ ಅಂತರ, ಹಾಳೆಯ ಹರವಿನಲ್ಲಿ ಶೇಕಡಾ 64ರಷ್ಟು ಹೆಚ್ಚು.

ಒಂದೊಂದನ್ನೇ ಗೋಡೆಗೆ ಹಿಡಿದೆವು. 65ರದು ಕಿಟಕಿಯ ಚೌಕಟ್ಟನ್ನು ದಾಟಿ ಹೋಯಿತು. ಅದನ್ನು ಫೋಟೊ ತೆಗೆದು ತಮ್ಮನಿಗೆ ಕಳಿಸಿದೆ, ಅವನು ಒಪ್ಪಿಕೊಂಡ. 55ರದು ಮೇಲೆ ಇರುವ ಸಿದ್ಧಾರೂಢ ಅಜ್ಜನ ಪಟದ ಬುಡದ ಹತ್ತಿರಕ್ಕೆ ಬಂದು ನಿಂತಿತು. "ಪಟ ಮಾತ್ರ ಅಲುಗಾಡಬಾರದು" ಎಂದು ಅವ್ವ ಅಡುಗೆಮನೆಯ ಹೊಸ್ತಿಲಿನಿಂದಲೇ ಹೇಳಿದಳು. ಅಲುಗಾಡಿಸುವ ಅಗತ್ಯವಿರಲಿಲ್ಲ, ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ಆಮೇಲೆ ಒಂದು ನೂಲಿನ ಹಗ್ಗ ತೆಗೆದುಕೊಂಡು ಗೋಡೆಯಿಂದ ಅಪ್ಪನ ಮಂಚದ ತಲೆದಿಂಬಿನವರೆಗೆ ಹಿಡಿದು ಗಂಟು ಹಾಕಿದೆ. ಒಂಬತ್ತು ಅಡಿ. ಅವ್ವ ಕುಳಿತು ಕಾಳು ಹಸನು ಮಾಡುವ ಹೊಸ್ತಿಲು ಟಿವಿಗೆ ತೀರ ಓರೆ. ಅಲ್ಲಿಂದ ಅವಳಿಗೆ ಪರದೆ ಪಕ್ಕದಿಂದ ಕಾಣುತ್ತದೆ. ಇವೆರಡನ್ನೂ ಬರೆದುಕೊಂಡೆ.

ಸೆಪ್ಟೆಂಬರ್ 27, ಶನಿವಾರ. ನವರಾತ್ರಿಯ ಗದ್ದಲ. ಮರುದಿನ ರಾತ್ರಿ ದುಬೈನಲ್ಲಿ ಏಷ್ಯಾ ಕಪ್ ಫೈನಲ್, ಭಾರತ ಪಾಕಿಸ್ತಾನ. ಅದಕ್ಕೆ ಮೊದಲು ಟಿವಿ ಬರಲೇಬೇಕು ಎಂದು ಅಪ್ಪ ಹಟ ಹಿಡಿದಿದ್ದರು. ನಾನು ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬಂದೆ, ಮೂವರೂ ಆಟೊ ಹಿಡಿದು ಕೊಪ್ಪಿಕರ್ ರಸ್ತೆಯ ಅಂಗಡಿಯೊಂದಕ್ಕೆ ಹೋದೆವು.

ಒಳಗೆ ಹೋದರೆ ಗೋಡೆ ತುಂಬ ಒಂದೇ ವಿಡಿಯೊ. ಹೂವು, ಹವಳ, ಹಣ್ಣಿನ ಮೇಲೆ ಜಾರುವ ನೀರಿನ ಹನಿ. ಎಲ್ಲವೂ ಸುಂದರ, ಯಾವುದು ಯಾವುದಕ್ಕಿಂತ ಮೇಲು ಎಂದು ತಿಳಿಯುವಂತಿರಲಿಲ್ಲ. ಅಂಗಡಿಯ ಹುಡುಗ ಒಳ್ಳೆಯವನು. ಬಣ್ಣದ ಮೋಡ್ ಏನಿದೆ ಎಂದು ಕೇಳಿದಾಗ ಮುಚ್ಚಿಡದೆ ತೋರಿಸಿದ, ಎಲ್ಲದರಲ್ಲೂ ವಿವಿಡ್ ಇತ್ತು. ಟ್ಯೂಬ್‌ಲೈಟುಗಳ ಬೆಳಕಿನಲ್ಲಿ ಗಿರಾಕಿಯ ಕಣ್ಣು ಸೆಳೆಯಲು ಇಡುವ ಮೋಡ್ ಅದು. ಮನೆಯಲ್ಲಿ ಸಂಜೆ ಹೊತ್ತು ಅದನ್ನು ನೋಡಿದರೆ ಮನುಷ್ಯರ ಮುಖ ಅರಿಸಿನ ಬಳಿದಂತೆ ಕಾಣುತ್ತದೆ. ನಾಲ್ಕು ಟಿವಿಗಳನ್ನು ಸಿನಿಮಾ ಮೋಡಿಗೆ ತಿರುಗಿಸಲು ಹೇಳಿದೆ. ಆಮೇಲೆ, "ತಮ್ಮಾ, ಹೂವು ಸಾಕು. ಕನ್ನಡ ಸುದ್ದಿ ಹಾಕು, ಮಾಮೂಲಿ ಬಾಕ್ಸಿನಿಂದ" ಎಂದೆ. ಅವನು ಕ್ಷಣ ತಡೆದು, "ಅಕ್ಕಾ, ಅದರಲ್ಲಿ ಚಿತ್ರ ಚೆನ್ನಾಗಿ ಬರುವುದಿಲ್ಲ" ಎಂದ. ನಮ್ಮ ಮನೆಯಲ್ಲಿ ಬರುವುದು ಅದೇ ತಾನೆ? ಹಾಕಿದ.

ಹೂವಿನ ಸೊಬಗು ಒಮ್ಮೆಲೇ ಇಳಿದುಹೋಯಿತು. 4ಕೆ ಎಂದರೆ 3840ಕ್ಕೆ 2160, ಸುಮಾರು 83 ಲಕ್ಷ ಚುಕ್ಕೆಗಳು. ಆದರೆ ಸಾಮಾನ್ಯ ಎಸ್‌ಡಿ ವಾಹಿನಿಯ ಚಿತ್ರ ಬರುವುದು 576 ಗೆರೆಗಳಲ್ಲಿ. ಉಳಿದ ಚುಕ್ಕೆಗಳನ್ನು ಟಿವಿ ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಮುಖಗಳ ಮಟ್ಟಿಗೆ ಆ ಊಹೆ ಪರವಾಗಿಲ್ಲ. ಕನ್ನಡ ಅಕ್ಷರದ ಮಟ್ಟಿಗೆ ಸಾಲದು. ನಮ್ಮ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕೂರುತ್ತದೆ. ಓಡುವ ಸಾಲಿನಲ್ಲಿ ಅದಕ್ಕೆ ಸಿಗುವುದು ಕೆಲವೇ ಗೆರೆ. "ಮಲಪ್ರಭಾ"ದ ರ ಒತ್ತು, "ಕ್ಯೂಸೆಕ್"ನ ಯ ಒತ್ತು, "ರಾಷ್ಟ್ರೀಯ"ದಲ್ಲಿ ಒಂದರ ಕೆಳಗೊಂದು ಜೋತ ಎರಡು ಒತ್ತುಗಳು, ಎಲ್ಲವೂ ಒಂದೇ ಬಗೆಯ ಕಪ್ಪು ಮಸಿಯ ಹನಿಯಾಗಿ ಕಂಡವು. ಹಳೆಯ ಟಿವಿಯಲ್ಲಿ ಅಪ್ಪ ಅವುಗಳನ್ನು ಅಭ್ಯಾಸಬಲದಿಂದ ಓದಿಕೊಳ್ಳುತ್ತಿದ್ದರು ಎನ್ನುವುದು ನನಗೆ ಆಗ ತಿಳಿಯಿತು. ಇಷ್ಟು ವರ್ಷ ಅವರು ಪಟ್ಟ ಕಷ್ಟ ನೆನೆದು ಸಂಕಟವಾಯಿತು.

ಗಂಟು ಹಾಕಿದ ಹಗ್ಗ ತೆಗೆದೆ. ಹುಡುಗ ಒಂದು ತುದಿ ಹಿಡಿದ, ಇನ್ನೊಂದು ತುದಿಗೆ ಕುರ್ಚಿ ಹಾಕಿ ಅಪ್ಪನನ್ನು ಕೂರಿಸಿದೆವು. 43 ಇಂಚಿನ ಮುಂದೆ ದಪ್ಪ ಶೀರ್ಷಿಕೆ ಓದಿದರು, ಓಡುವ ಸಾಲಿನಲ್ಲಿ ತಡವರಿಸಿದರು. 55ರ ಮುಂದೆ ಕುರ್ಚಿ ಸರಿಸಿದಾಗ ನಿಧಾನವಾಗಿ ಪೂರ್ತಿ ಓದಿದರು. ಅಕ್ಷರ ಅಲ್ಲೇನೂ ತಿಳಿಯಾಗಿರಲಿಲ್ಲ, ಕಾಲು ಪಾಲಿಗಿಂತ ತುಸು ಹೆಚ್ಚು ದೊಡ್ಡದಾಗಿತ್ತು, ಅಷ್ಟೇ. ಆ ಹನಿಯೊಳಗಿನ ಬಾಲ ಅವರ ಎಡಗಣ್ಣಿಗೆ ಸಿಕ್ಕಿತು. ಒಂಬತ್ತು ಅಡಿ ದೂರದಿಂದ 4ಕೆ ಬೇಕೋ ಫುಲ್ ಎಚ್‌ಡಿ ಸಾಕೋ ಎನ್ನುವ ಚರ್ಚೆಗೆ ಅರ್ಥವಿಲ್ಲ ಎನ್ನುವುದನ್ನು ನಾನು ಮನೆಯಲ್ಲೇ ಲೆಕ್ಕ ಹಾಕಿದ್ದೆ. 43 ಇಂಚಿನ ಪರದೆಯಲ್ಲಿ ಸುಮಾರು ಐದೂವರೆ ಅಡಿ ದಾಟಿದರೆ ಫುಲ್ ಎಚ್‌ಡಿಯ ಚುಕ್ಕೆಯನ್ನೇ ಸಾಮಾನ್ಯ ಕಣ್ಣು ಬೇರ್ಪಡಿಸಿ ನೋಡಲಾರದು, ಅಪ್ಪನ ಕಣ್ಣಂತೂ ದೂರ ಉಳಿಯಿತು.

55 ಇಂಚಿನವು ಎರಡು ಇದ್ದವು. 43ರ ಕಂಪನಿಯದೇ ಆದದ್ದಕ್ಕೆ 44,000, ಇನ್ನೊಂದು ಕಂಪನಿಯದಕ್ಕೆ 33,000. 43 ಇಂಚಿನದಕ್ಕೆ 29,500. ಅಪ್ಪ ಹಾಕಿಕೊಂಡ ಮಿತಿ 35,000, ತಮ್ಮನ ದುಡ್ಡು ಬೇಡವೆಂದು ಮೊದಲೇ ಹೇಳಿಬಿಟ್ಟಿದ್ದರು. ಮೂರೂವರೆ ಸಾವಿರ ಹೆಚ್ಚು ಕೊಟ್ಟರೆ ಹನ್ನೆರಡು ಇಂಚು ದೊಡ್ಡದು! ನಾನು ಬಹುತೇಕ ಹೂಂ ಎಂದಿದ್ದೆ.

ಅಷ್ಟರಲ್ಲಿ ಅವ್ವ ತನ್ನ ಪಾಡಿಗೆ ತಾನು ಪಕ್ಕಕ್ಕೆ ಹೋಗಿ, ಮನೆಯ ಹೊಸ್ತಿಲು ಎಲ್ಲಿರಬಹುದೋ ಅಲ್ಲಿ ನಿಂತಿದ್ದಳು. "ಇದರಲ್ಲಿ ಆ ಹುಡುಗಿಯ ಕುಂಕುಮ ಬಿಳಚಿಕೊಂಡಿದೆ. ಅದರಲ್ಲಿ ಕೆಂಪಗೆ ಇದೆ" ಎಂದಳು. ಹೋಗಿ ಅವಳ ಪಕ್ಕ ನಿಂತೆ. ನಿಜ. 33,000ದ ಟಿವಿಯಲ್ಲಿ ವಾರ್ತೆ ಓದುವವಳ ಮುಖ ಸುಣ್ಣ ಕಲಸಿದಂತೆ ತೆಳುವಾಗಿತ್ತು, 43 ಇಂಚಿನದರಲ್ಲಿ ಬಣ್ಣ ಕದಲಿರಲಿಲ್ಲ. ಹುಡುಗನನ್ನು ಕೇಳಿದೆ. ಅದು ವಿಎ ಪ್ಯಾನಲ್, ಇದು ಐಪಿಎಸ್ ಎಂದ. ವಿಎ ಪ್ಯಾನಲಿನಲ್ಲಿ ನೇರ ಕುಳಿತವರಿಗೆ ಕಪ್ಪು ಗಾಢವಾಗಿ ಕಾಣುತ್ತದೆ, ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ ಅದೇ ಮೇಲು. ಪಕ್ಕಕ್ಕೆ ಸರಿದಂತೆ ಬಣ್ಣ ಸೋರುತ್ತದೆ. ಐಪಿಎಸ್‌ನಲ್ಲಿ ಕಪ್ಪು ತುಸು ಬೂದಿಯಾಗಿ ಕಾಣುತ್ತದೆ, ಆದರೆ ಓರೆಯಲ್ಲಿ ಕುಳಿತವರಿಗೂ ಬಣ್ಣ ಸಿಗುತ್ತದೆ. ನಮ್ಮ ಮನೆಯಲ್ಲಿ ದೀಪ ಆರಿಸಿ ಟಿವಿ ನೋಡುವವರು ಯಾರೂ ಇಲ್ಲ. ಹೊಸ್ತಿಲಿನಲ್ಲಿ ಕುಳಿತು ನೋಡುವವಳು ಮೊದಲಿನಿಂದಲೂ ಇದ್ದಾಳೆ, ಅವಳಿಗೆ ನೇರ ಕುಳಿತುಕೊಳ್ಳುವ ಬಿಡುವು ಎಂದೂ ಸಿಕ್ಕಿಲ್ಲ. ನಾನು ಅಳೆದು ಬರೆದುಕೊಂಡು ಬಂದಿದ್ದರೂ ಅವಳ ಜಾಗವನ್ನು ದುಡ್ಡಿನ ಲೆಕ್ಕದಲ್ಲಿ ಮರೆತಿದ್ದೆ.

ಅಪ್ಪನ ಅಕ್ಷರಕ್ಕೆ 55, ಅವ್ವನ ಕುಂಕುಮಕ್ಕೆ 43. ಎರಡೂ ಇರುವುದು 44,000ಕ್ಕೆ. ಹೆಚ್ಚಿನ ದುಡ್ಡು ನಾನು ಹಾಕುತ್ತೇನೆ ಎಂದೆ. ಅಪ್ಪ ಉತ್ತರ ಕೊಡಲಿಲ್ಲ. ಎದ್ದರು, 43 ಇಂಚಿನ ಮುಂದೆ ಕುರ್ಚಿ ಇಟ್ಟುಕೊಂಡರು, ಕುಳಿತು ಓದಲು ನೋಡಿದರು. ಕುರ್ಚಿಯನ್ನು ಒಂದು ಗೇಣು ಮುಂದೆ ಎಳೆದರು. ಮತ್ತೊಂದು ಗೇಣು. ವರ್ಕ್‌ಶಾಪಿನಲ್ಲಿ ಬೇರಿಂಗ್ ಕೂರಿಸುವಾಗಲೂ ಹೀಗೇ ಇಷ್ಟಿಷ್ಟೇ ಸರಿಸುತ್ತಿದ್ದರೇನೋ. ಒಂದು ಕಡೆ ಕುರ್ಚಿ ನಿಲ್ಲಿಸಿ ಸಾಲನ್ನು ಗಟ್ಟಿಯಾಗಿ ಓದಿದರು, ತಡವರಿಸದೆ. "ಅಳತೆ ಹಿಡಿ ತಂಗಿ" ಎಂದರು. ಹಿಡಿದೆ. ಏಳು ಅಡಿ.

43ನ್ನು ಒಂಬತ್ತರಿಂದ ಗುಣಿಸಿ ಏಳರಿಂದ ಭಾಗಿಸಿದರೆ 55ಕ್ಕಿಂತ ಕೂದಲೆಳೆ ಹೆಚ್ಚು. ಏಳು ಅಡಿ ದೂರದ 43 ಇಂಚು, ಒಂಬತ್ತು ಅಡಿ ದೂರದ 55 ಇಂಚು, ಕಣ್ಣಿಗೆ ಎರಡೂ ಒಂದೇ. ಹತ್ತನೇ ತರಗತಿಯ ಮಕ್ಕಳಿಗೆ ಪ್ರತಿ ವರ್ಷ ಸಮರೂಪ ತ್ರಿಭುಜ ಕಲಿಸುವ ನಾನು ಮೂರು ವಾರ ಗೋಡೆಯನ್ನಷ್ಟೇ ಅಳೆದಿದ್ದೆ. ಅಪ್ಪ ಮಂಚವನ್ನು ಅಳೆದರು.

"ಮಂಚ ಸರಿಸಿದರೆ ಬೆನ್ನಿಗೆ ಗೋಡೆ ಇರುವುದಿಲ್ಲವಲ್ಲ?" ಎಂದಳು ಅವ್ವ. "ಹಲಗೆ ಕೂರಿಸುತ್ತೇನೆ" ಎಂದರು.

29,500 ಕೊಟ್ಟು 43 ಇಂಚಿನದನ್ನೇ ಕೊಂಡೆವು. ಉಳಿದ ದುಡ್ಡಿನಲ್ಲಿ ಎಚ್‌ಡಿ ಸೆಟ್-ಟಾಪ್ ಬಾಕ್ಸ್ ಹಾಕಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಬೆಳಕು ಕತ್ತಲೆಯ ಅಂತರವನ್ನು ಹೆಚ್ಚಿಸಿ ತೋರಿಸುವ ಎಚ್‌ಡಿಆರ್ ಇದೆ, ಅದಿದೆ ಇದಿದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಈ ಬೆಲೆಯ ಪರದೆಗಳಿಗೆ ಎಚ್‌ಡಿಆರ್ ತೋರಿಸುವಷ್ಟು ಬೆಳಕು ಇರುವುದಿಲ್ಲವಾದ್ದರಿಂದ ಅದಕ್ಕೆ ನಾನು ಬೆಲೆ ಕಟ್ಟಲಿಲ್ಲ. ದನಿ ಮಾತ್ರ ಹಳೆಯದಕ್ಕಿಂತ ತೆಳು, ಅದೊಂದು ಕೊರತೆ ಈಗಲೂ ಇದೆ.

ಭಾನುವಾರ ಮಧ್ಯಾಹ್ನ ಟಿವಿ ಗೋಡೆಗೆ ಏರಿತು. ಅಪ್ಪ ತಮ್ಮ ಹಳೆಯ ಪೆಟ್ಟಿಗೆ ತೆಗೆದು, ಸಾಗವಾನಿ ಹಲಗೆಗೆ ರಂಧ್ರ ಕೊರೆದು, ಮಂಚದ ತಲೆಭಾಗಕ್ಕೆ ನಾಲ್ಕು ಬೋಲ್ಟ್ ಬಿಗಿದರು. ನಾನು ಸ್ಪ್ಯಾನರ್ ಎತ್ತಿಕೊಟ್ಟೆ. ರಾತ್ರಿ 147ರ ಬೆನ್ನು ಹತ್ತಿದ ಭಾರತ ಎರಡು ಎಸೆತ ಉಳಿದಿರುವಾಗ ಗೆದ್ದಿತು. ತಿಲಕ್ ವರ್ಮಾ 69 ಎಂದು ಅಪ್ಪ ಕನ್ನಡಕ ಮೇಲೇರಿಸದೆ ಓದಿ ಅವ್ವನಿಗೆ ಹೇಳಿದರು. ಅವಳು ಹೊಸ್ತಿಲಿನಿಂದಲೇ ಕಂಡಿದ್ದಳು, ಆದರೂ ಕೇಳಿಸಿಕೊಂಡಳು.

ಎಚ್‌ಡಿ ಬಾಕ್ಸ್ ಮಂಗಳವಾರ ಬಂದಿತು. ಧಾರಾವಾಹಿ, ಕ್ರಿಕೆಟ್ ತಿಳಿಯಾದವು. ಅಪ್ಪ ನೋಡುವ ಸುದ್ದಿ ವಾಹಿನಿ ಮಾತ್ರ ಬಾಕ್ಸಿನಲ್ಲಿ ಹಳೆಯ ಎಸ್‌ಡಿಯಲ್ಲೇ ಬರುತ್ತದೆ. ಅದನ್ನೇ ಇಂಟರ್ನೆಟ್ ಮೂಲಕ ಹಾಕಿಕೊಟ್ಟಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡವು. ರಿಮೋಟಿನಲ್ಲಿ ಅಲ್ಲಿಗೆ ಹೋಗುವ ದಾರಿಯನ್ನು ಅಪ್ಪ ಒಂದು ಚೀಟಿಯಲ್ಲಿ ಬರೆದು ಹಲಗೆಗೆ ಅಂಟಿಸಿಕೊಂಡಿದ್ದಾರೆ.

ಮಂಚ ಇದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ಗುರುತು ಬಿಳಿಯಾಗಿ ಉಳಿದಿದೆ. ಕಿಟಕಿಯ ಬೆಳಕು ಬೀಳುವ ಆ ಎರಡು ಅಡಿಯಲ್ಲಿ ಅವ್ವ ಈಗ ಕೌದಿ ಹರಡಿಕೊಂಡು ಹೊಲಿಯುತ್ತಾಳೆ. ಅಲ್ಲಿಂದ ಟಿವಿ ಅವಳಿಗೆ ಮೊದಲ ಬಾರಿಗೆ ನೇರವಾಗಿ ಕಾಣುತ್ತದೆ.